ಪಲ್ಲೆಯಾಗಿದ್ದ ಗೋಳಿ ಕಸವಾದದ್ದು ಹೇಗೆ?

ಗದಗ ಸೀಮೆಯಲ್ಲಿ ಮನೆಯೊಳಗೆ ಗುಡಿಸಿ ಹಾಕುವುದಕ್ಕೂ ಹೊಲದಲ್ಲಿ ಕಿತ್ತು ಹಾಕುವುದಕ್ಕೂ ಒಂದೇ ಹೆಸರು: ಕಸ. ಮುಂಜಾನೆ ಅಂಗಳದ ಕಸ ಹೊಡೆದು ಮುಗಿಸಿದ ಹೆಣ್ಣುಮಕ್ಕಳು ರೊಟ್ಟಿ ಕಟ್ಟಿಕೊಂಡು ಹೊಲದ ಕಸ ತೆಗೆಯಲು ಹೋಗುತ್ತಾರೆ. ಆದರೆ ಹೊಲದ ಕಸವೆಲ್ಲವೂ ಬದುವಿಗೆ ಬೀಳುವುದಿಲ್ಲ. ಕುರ್ಚಿಗಿ ಆಡಿಸುತ್ತ ಸಾಲಿನಲ್ಲಿ ಕುಳಿತು ಮುಂದೆ ಸರಿಯುವ ಕೈ, ಕಿತ್ತ ಗಿಡಗಳಲ್ಲಿ ಕೆಲವನ್ನು ಎಸೆಯುತ್ತದೆ, ಕೆಲವನ್ನು ಸೀರೆಯ ಉಡಿಗೆ ಸೇರಿಸುತ್ತದೆ. ಉಡಿ ಸೇರಿದ್ದು ಆ ಕ್ಷಣದಿಂದ ಕಸವಲ್ಲ, ಪಲ್ಲೆ. ಸಂಜೆ ಅದು ಬೇಳೆಯ ಜೊತೆ ಬೆಂದು ಜೋಳದ ರೊಟ್ಟಿಯ ಪಕ್ಕ ಕೂಡುತ್ತದೆ.

ಕಸ ಮತ್ತು ಪಲ್ಲೆಯ ನಡುವಿನ ಈ ಗೆರೆಯನ್ನು ಎಳೆದವರು ಯಾರು? ಒಂದು ಕಾಲಕ್ಕೆ ತೋಟದಲ್ಲಿ ಬೀಜ ಹಾಕಿ, ನೀರು ಹಾಯಿಸಿ ಬೆಳೆಸಿದ ಸೊಪ್ಪು ಇನ್ನೊಂದು ಕಾಲಕ್ಕೆ ಕಳೆಯಾಗಿ ಹೊಲದ ಪಾಲಾದದ್ದು ಯಾಕೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಹೊಲಗಳಲ್ಲಿ ಇಂದಿಗೂ ಕಾಣಸಿಗುವ ಒಂದು ಸಣ್ಣ ಗಿಡ ಸಾಕು. ಅದರ ಹೆಸರು ಗೋಳಿ.

ನೆಲಕ್ಕಂಟಿದ ಗಿಡ

ಕರಾವಳಿಯವರು ಗೋಳಿ ಎಂದರೆ ಆಲದ ಮರ ಎಂದುಕೊಂಡಾರು. ಇದು ಆ ಮರವಲ್ಲ. ನೆಲಕ್ಕೆ ಅಂಟಿಕೊಂಡು ಹರಡುವ, ಕೆಂಪು ಛಾಯೆಯ ನುಣುಪು ದಂಟಿನ, ದಪ್ಪ ಎಲೆಯ, ಮುಟ್ಟಿದರೆ ನೀರು ತುಂಬಿದೆ ಎನಿಸುವ ಪುಟ್ಟ ಗಿಡ. ಹೊತ್ತೇರಿದ ಮೇಲೆ ಹಳದಿ ಬಣ್ಣದ ಸಣ್ಣ ಹೂ ಬಿಡುತ್ತದೆ. ಹಳೇ ಮೈಸೂರಿನ ಕಡೆ ಇದನ್ನು ಗೋಣಿ ಸೊಪ್ಪು, ದೊಡ್ಡಗೋಣಿ ಸೊಪ್ಪು ಎನ್ನುತ್ತಾರೆ. ಮರಾಠಿಯಲ್ಲಿ ಘೋಳ, ತೆಲುಗಿನಲ್ಲಿ ಗೋಳಿ ಕೂರ. ತಮಿಳರು ಇದನ್ನು ಬೇಳೆಯ ಜೊತೆ ಬೇಯಿಸುವ ರೂಢಿಯಿಂದಲೇ ಪರುಪ್ಪು ಕೀರೈ, ಅಂದರೆ ಬೇಳೆಯ ಸೊಪ್ಪು, ಎಂದು ಕರೆದರು. ಉತ್ತರ ಭಾರತದಲ್ಲಿ ಇದು ಕುಲ್ಫಾ ಅಥವಾ ಲೋನಿಯಾ.

ಘೋಳ ಮತ್ತು ಗೋಳಿ ಎಂಬ ಹೆಸರುಗಳ ಸಾಮೀಪ್ಯ ಈ ಭಾಗದ ಜನರಿಗೆ ಅಚ್ಚರಿ ತರಬೇಕಿಲ್ಲ. ಸ್ವಾತಂತ್ರ್ಯ ಬರುವವರೆಗೆ ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೂ ಸೇರಿದ್ದವು. ಗದಗ ಮತ್ತು ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. 1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಯಿತು. ಕಚೇರಿಯ ಗಡಿಗಳು ಹೀಗೆ ಬದಲಾಗುತ್ತ ಬಂದರೂ ಅಡುಗೆಮನೆಯ ಹೆಸರುಗಳು ಗಡಿಯ ಆಚೆ ಈಚೆ ಒಂದೇ ರೀತಿ ಉಳಿದುಬಂದವು.

ರೋಹಿಣಿ ಅಥವಾ ಮಿರಗದ ಮಳೆಗೆ ಹೆಸರು ಬಿತ್ತಿ ಎರಡು ಮೂರು ವಾರ ಕಳೆಯುವಷ್ಟರಲ್ಲಿ ಗೋಳಿ ಸಾಲಿನ ನಡುವೆ ಹಾಜರಾಗುತ್ತದೆ. ಎರಿ ಹೊಲವಾಗಲಿ ಮಸಾರಿ ಹೊಲವಾಗಲಿ ಅದಕ್ಕೆ ಬೇಧವಿಲ್ಲ. ಮಣ್ಣು ಕೆದಕಿರಬೇಕು, ಬಿಸಿಲು ಬೀಳಬೇಕು, ಅಷ್ಟೇ. ಎಡೆ ಹೊಡೆದು ಬುಡ ಸಮೇತ ಕಿತ್ತು ಹಾಕಿದರೂ ದಂಟಿನಲ್ಲಿರುವ ನೀರಿನ ಬಲದಿಂದಲೇ ಬದುಕಿ, ಒಂದು ಹನಿ ಮಳೆ ಬಿದ್ದರೆ ಮತ್ತೆ ಬೇರು ಬಿಡುತ್ತದೆ. ಬೇರು ಬಿಡಲಾಗದಿದ್ದರೆ, ಸಾಯುವ ಮೊದಲು ಕಾಯಿಯನ್ನಾದರೂ ಬಲಿಸಿಕೊಳ್ಳುತ್ತದೆ. ಚೆನ್ನಾಗಿ ಬೆಳೆದ ಒಂದೇ ಗಿಡ ಎರಡು ಲಕ್ಷಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಮಣ್ಣಿನೊಳಗೆ ಹೂತುಹೋದ ಬೀಜ ದಶಕಗಳ ಕಾಲ ಜೀವ ಹಿಡಿದಿರಬಲ್ಲದು. ಇಂಥ ಗಿಡವನ್ನು ರೈತ ಶತ್ರು ಎಂದು ಕರೆದರೆ ತಪ್ಪೆನ್ನಲಾಗದು.

ಹೆಸರಿನಲ್ಲೇ ಉಳಿದ ಸಾಕ್ಷಿ

ಆದರೆ ಗೋಳಿಯ ಶಾಸ್ತ್ರೀಯ ಹೆಸರು ಬೇರೆ ಕಥೆ ಹೇಳುತ್ತದೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ ಇದಕ್ಕೆ 'ಪೋರ್ಚುಲಾಕ ಒಲೆರೇಸಿಯ' ಎಂದು ನಾಮಕರಣ ಮಾಡಿದ. ಲ್ಯಾಟಿನ್ನಿನ 'ಒಲೆರೇಸಿಯ' ಎಂದರೆ ಕಾಯಿಪಲ್ಲೆಗೆ ಸೇರಿದ್ದು, ಅಡುಗೆಯ ತೋಟದ್ದು. ಎಲೆಕೋಸಿನ ಶಾಸ್ತ್ರೀಯ ಹೆಸರಿನಲ್ಲಿಯೂ ಇದೇ ಪದವಿದೆ. ಅಂದರೆ ಆ ವಿಜ್ಞಾನಿಯ ಕಣ್ಣಿಗೆ ಗೋಳಿ ಬಿದ್ದದ್ದು ಕಳೆಯಾಗಿ ಅಲ್ಲ, ಎಲೆಕೋಸಿನ ಸಾಲಿನ ತರಕಾರಿಯಾಗಿ. ಅಗಲ ಎಲೆಯ, ನೆಟ್ಟಗೆ ಏಳುವ ತೋಟದ ಗೋಳಿ ಕಾಡು ಗೋಳಿಗಿಂತ ಎಷ್ಟು ಭಿನ್ನವಾಗಿತ್ತೆಂದರೆ, 1803ರಲ್ಲಿ ಹಾವರ್ತ್ ಎಂಬ ಇಂಗ್ಲಿಷ್ ಸಸ್ಯವಿಜ್ಞಾನಿ ಅದಕ್ಕೆ 'ಬಿತ್ತಿ ಬೆಳೆದದ್ದು' ಎಂಬ ಅರ್ಥದ 'ಸಟೈವ' ಎಂಬ ಬೇರೆಯದೇ ಹೆಸರು ಕೊಟ್ಟ.

ಇದು ಯುರೋಪಿನಲ್ಲಿ ಹೊಸ ಬೆಳೆಯೂ ಆಗಿರಲಿಲ್ಲ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಗ್ರೀಕರ ಥಿಯೋಫ್ರಾಸ್ಟಸ್ ಬಿತ್ತಿ ಬೆಳೆಯುವ ಕಾಯಿಪಲ್ಲೆಗಳ ಸಾಲಿನಲ್ಲಿ ಇದನ್ನು ಸೇರಿಸಿದ್ದಾನೆ. 1699ರಲ್ಲಿ ಇಂಗ್ಲೆಂಡಿನ ಜಾನ್ ಎವೆಲಿನ್ ಹಸಿ ಸೊಪ್ಪುಗಳನ್ನು ಕುರಿತೇ ಬರೆದ 'ಅಸಿಟೇರಿಯ' ಎಂಬ ಪುಸ್ತಕದಲ್ಲಿ ಗೋಳಿಗೆ ಗೌರವದ ಸ್ಥಾನವಿದೆ. ಆದರೆ ಮುಂದಿನ ನೂರಿಪ್ಪತ್ತು ವರ್ಷಗಳಲ್ಲಿ ಗಾಳಿ ತಿರುಗಿತು. 19ನೆಯ ಶತಮಾನದ ಆರಂಭದಲ್ಲಿ ತೋಟಗಾರಿಕೆಯ ಬಗ್ಗೆ ಬರೆದ ವಿಲಿಯಂ ಕಾಬೆಟ್, ಬೇರೇನೂ ಸಿಗದಾಗ ಫ್ರೆಂಚರೂ ಹಂದಿಗಳೂ ತಿನ್ನುವ ತುಂಟ ಕಳೆ ಇದು ಎಂದು ಹೀಯಾಳಿಸಿದ. ಗಿಡ ಬದಲಾಗಿರಲಿಲ್ಲ. ಬದಲಾದದ್ದು ತಿನ್ನುವವರ ಮಾನದಂಡ.

ನಮ್ಮಲ್ಲೂ ಎರಡು ಗೋಳಿಗಳ ನೆನಪು ಹಳೆಯದೇ. 16ನೆಯ ಶತಮಾನದ ಆಯುರ್ವೇದ ಗ್ರಂಥ 'ಭಾವಪ್ರಕಾಶ'ದಲ್ಲಿ ಭಾವಮಿಶ್ರ ಸೊಪ್ಪುಗಳನ್ನು ವಿವರಿಸುವಾಗ ಲೋಣಿ ಮತ್ತು ಬೃಹಲ್ಲೋಣಿ, ಅಂದರೆ ಸಣ್ಣ ಗೋಳಿ ಮತ್ತು ದೊಡ್ಡ ಗೋಳಿ ಎಂದು ಎರಡನ್ನು ಬೇರೆ ಬೇರೆಯಾಗಿ ಹೆಸರಿಸಿದ್ದಾನೆ. ಲೋಣಿ ಎಂಬ ಪದದ ಮೂಲದಲ್ಲಿ ಉಪ್ಪಿದೆ. ಸೊಪ್ಪಿನ ಉಪ್ಪುಹುಳಿ ರುಚಿಯಿಂದ ಬಂದ ಹೆಸರದು. ಕನ್ನಡದ ದೊಡ್ಡಗೋಣಿ ಎಂಬ ಹೆಸರಿನಲ್ಲೂ ಇದೇ ವಿಂಗಡಣೆಯ ನೆರಳಿದೆ. ಯಾರೂ ಲೆಕ್ಕಕ್ಕಿಡದ ಕಳೆಯಲ್ಲಿ ಜನ ದೊಡ್ಡದು ಸಣ್ಣದು ಎಂದು ಆರಿಸಿ ಹೆಸರಿಡುವುದಿಲ್ಲ. ಉತ್ತರ ಭಾರತದ ತೋಟಗಳಲ್ಲಿ ಅಗಲ ಎಲೆಯ ಕುಲ್ಫಾವನ್ನು ಬೇಸಿಗೆಯ ಸೊಪ್ಪಾಗಿ ಈಗಲೂ ಬಿತ್ತುತ್ತಾರೆ.

ತೋಟದ ನೀರು ಯಾರಿಗೆ?

ಹಾಗಾದರೆ ನಮ್ಮ ಕಡೆ ಅದಕ್ಕೆ ತೋಟದಲ್ಲಿ ಜಾಗ ತಪ್ಪಿದ್ದೇಕೆ? ಗದಗ ಜಿಲ್ಲೆಯ ಮಳೆ ವರ್ಷಕ್ಕೆ ಸುಮಾರು 600 ಮಿ.ಮೀ. ಆಸುಪಾಸು. ದಕ್ಷಿಣದ ಅಂಚಿನಲ್ಲಿ ತುಂಗಭದ್ರೆ ಹರಿದರೂ ಬಹುಪಾಲು ನೆಲ ಮುಗಿಲು ನೋಡಿ ಬದುಕಿದ್ದು. ಇಲ್ಲಿ ತೋಟ ಎಂದರೆ ಬಾವಿ ಅಥವಾ ಕೆರೆಯ ನೀರು. ಆ ನೀರು ಎಷ್ಟು ಬೆಲೆಯುಳ್ಳದ್ದಾಗಿತ್ತು ಎಂಬುದಕ್ಕೆ ಲಕ್ಕುಂಡಿಯ ಕಲ್ಯಾಣಿ, ಬಾವಿಗಳೇ ಸಾಕ್ಷಿ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ದೇವಾಲಯಗಳಿಗೆ ದತ್ತಿ ಬಿಟ್ಟ ಹೂದೋಟ, ಎಲೆದೋಟಗಳ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. ದೇವರ ಪೂಜೆಗೆ ಹೂ, ಊಟದ ಮೇಲೆ ವೀಳ್ಯದೆಲೆ. ಕೈಯಿಂದ ಎತ್ತಿದ ನೀರು ಮೊದಲು ಅವಕ್ಕೆ ಸಲ್ಲುತ್ತಿತ್ತು. ಮಳೆಗಾಲದಲ್ಲಿ ಕೇಳದೆಯೇ ಹುಟ್ಟುವ ಗೋಳಿ ಆ ನೀರಿಗೆ ಪೈಪೋಟಿ ಹೂಡಲಾರದೆ ಹೋಯಿತು ಎಂದು ಊಹಿಸುವುದು ಕಷ್ಟವಲ್ಲ.

ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ, ಕವಿರಾಜಮಾರ್ಗದ ಕಾಲದಿಂದಲೂ ತಿರುಳ್ಗನ್ನಡದ ಊರುಗಳಲ್ಲಿ ಒಂದೆಂದು ಹೆಸರಾದದ್ದು. ಅಡುಗೆಯ ಬಗ್ಗೆ ಬರೆಯುವ ಪರಂಪರೆಗೂ ಕನ್ನಡದಲ್ಲಿ ಕೊರತೆಯಿಲ್ಲ. 1025ರಲ್ಲಿ ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಗಿಡಮರಗಳ ಆರೈಕೆಯೂ ಇದೆ, ಅಡುಗೆಯೂ ಇದೆ. 12ನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ' ಅರಮನೆಯ ಊಟವನ್ನು ವಿಸ್ತಾರವಾಗಿ ಬಣ್ಣಿಸುತ್ತದೆ. 16ನೆಯ ಶತಮಾನದ ಮಂಗರಸನ 'ಸೂಪಶಾಸ್ತ್ರ'ದಲ್ಲಿ ಬದನೆ, ಬಾಳೆ, ಹಲಸುಗಳಿಗೆ ರಾಜಮರ್ಯಾದೆ ಸಿಕ್ಕಿದೆ. ಇವೆಲ್ಲ ಅಡುಗೆ ಬಲ್ಲವರಿಗಾಗಿ ಅಕ್ಷರ ಬಲ್ಲವರು ಬರೆದ ಪುಸ್ತಕಗಳು. ಕಸ ತೆಗೆಯುವ ಹೆಣ್ಣುಮಗಳ ಪಲ್ಲೆ ಬೇರೆ ದಾರಿಯಲ್ಲಿ ಬಂತು. ಅತ್ತೆ ಸೊಸೆಗೆ, ಅವ್ವ ಮಗಳಿಗೆ ಹೊಲದಲ್ಲೇ ಬೆರಳು ಮಾಡಿ ತೋರಿಸಿದ ವಿದ್ಯೆ ಅದು. ಯಾವುದು ಹಾಲು ಸೂಸುವ ಗಿಡ, ಯಾವುದು ಹುಳಿ, ಯಾವುದನ್ನು ಹೂ ಬಿಡುವ ಮೊದಲೇ ಚಿವುಟಬೇಕು ಎಂಬುದೆಲ್ಲ ಕಣ್ಣಿನಿಂದ ಕಣ್ಣಿಗೆ ದಾಟಿತು.

ಬಿತ್ತನೆ ನಿಂತುಹೋಗಲು ಬಹುಶಃ ಇದೇ ದೊಡ್ಡ ಕಾರಣ. ಹೊಲದ ಕಸ ತೆಗೆಯುವ ಕೈಗಳು ಇರುವವರೆಗೆ ಸೊಪ್ಪು ಖರ್ಚಿಲ್ಲದೆ ಮನೆಗೆ ಬರುತ್ತಿತ್ತು. ಉಡಿ ತುಂಬ ಪುಕ್ಕಟೆ ಬರುವುದನ್ನು ಯಾರು ಬೀಜ ಕಾಪಿಟ್ಟು ಬಿತ್ತುತ್ತಾರೆ? ಮೆಂತೆ, ಕೊತ್ತಂಬರಿ, ಪಾಲಕ್‌ಗಳ ಬೀಜವನ್ನು ಜೋಪಾನ ಮಾಡದಿದ್ದರೆ ಮುಂದಿನ ವರ್ಷ ಅವು ಇಲ್ಲ. ಗೋಳಿಯ ಬೀಜವನ್ನು ನೆಲವೇ ಜೋಪಾನ ಮಾಡುತ್ತಿತ್ತು.

ಬರದ ಊಟ ಎಂಬ ಕಳಂಕ

ಇನ್ನೊಂದು ಕಾರಣ ಮಾನ ಮರ್ಯಾದೆಗೆ ಸಂಬಂಧಿಸಿದ್ದು. 1876ರಿಂದ 1878ರವರೆಗಿನ ಭೀಕರ ಬರ ಧಾರವಾಡ ಜಿಲ್ಲೆಯನ್ನೂ ಹಿಂಡಿ ಹಾಕಿತು. 1890ರ ದಶಕದ ಕೊನೆಯಲ್ಲಿ ಮುಂಬಯಿ ಪ್ರಾಂತಕ್ಕೆ ಮತ್ತೆ ಬರ ಬಂತು. ಹಸಿದ ಜನ ಬೇಲಿ, ಬದು, ಗುಡ್ಡಗಳನ್ನು ಜಾಲಾಡಿ ಸೊಪ್ಪು ಗೆಡ್ಡೆಗಳನ್ನು ತಿಂದರು. ಬರ ಮುಗಿದ ಮೇಲೆ ಸರ್ಕಾರಿ ಸಸ್ಯವಿಜ್ಞಾನಿಗಳು ಅವುಗಳ ಪಟ್ಟಿ ಮಾಡಿದರು. ಮುಂಬಯಿ ಪ್ರಾಂತದಲ್ಲಿ ಬರಗಾಲದಲ್ಲಿ ಜನ ತಿಂದ ಸಸ್ಯಗಳ ಬಗ್ಗೆ ಜಿ.ಎ. ಗ್ಯಾಮಿ ಅವರ ಟಿಪ್ಪಣಿ ಪ್ರಕಟವಾದದ್ದು 1902ರಲ್ಲಿ.

ಇಂಥ ಪಟ್ಟಿಗಳು ಉಪಕಾರಿಯೇ. ಆದರೆ ಒಳ್ಳೆಯ ಮಳೆಯಾದ ವರ್ಷವೂ ರುಚಿಗಾಗಿ ತಿನ್ನುವ ಸೊಪ್ಪು 'ಬರದ ಆಹಾರ' ಎಂಬ ತಲೆಬರಹದ ಕೆಳಗೆ ಬಂದ ಕೂಡಲೇ ಅದರ ಅರ್ಥ ಬದಲಾಗುತ್ತದೆ. ಕೊಂಡು ತಂದ ಪಲ್ಲೆ ಉಳ್ಳವರದು, ಕಿತ್ತು ತಂದ ಪಲ್ಲೆ ಇಲ್ಲದವರದು ಎಂಬ ಭಾವನೆ ಬೇರೂರಿತು. ಬೀಗರು ಬಂದಾಗ ಗೋಳಿ ಪಲ್ಲೆ ಮಾಡಿ ಬಡಿಸಲು ಹಿಂಜರಿಯುವ ಮನೆಗಳು ಇಂದಿಗೂ ಕಡಿಮೆಯಿಲ್ಲ.

ಈ ಕೀಳರಿಮೆಯನ್ನು ತೊಡೆಯಲು ಪ್ರಯತ್ನಿಸಿದವರೂ ಇದ್ದರು. 1934ರ ಕೊನೆಯಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘವನ್ನು ಸ್ಥಾಪಿಸಿದ ಗಾಂಧೀಜಿ, ಮುಂದಿನ ವರ್ಷ ವಾರ್ಧಾದ ಮಗನವಾಡಿಯಲ್ಲಿದ್ದಾಗ ಹಸಿ ಸೊಪ್ಪು ತಿನ್ನುವ ಪ್ರಯೋಗಗಳನ್ನು ನಡೆಸಿ 'ಹರಿಜನ' ಪತ್ರಿಕೆಯಲ್ಲಿ ಅವುಗಳ ಪೋಷಕಶಕ್ತಿಯ ಬಗ್ಗೆ ಬರೆದರು. ಹಳ್ಳಿಯ ಬಡವರ ಊಟಕ್ಕೆ ಖರ್ಚಿಲ್ಲದೆ ಸೇರಿಸಬಹುದಾದ ಸತ್ವ ಸೊಪ್ಪಿನಲ್ಲಿದೆ ಎಂಬುದು ಅವರ ನಿಲುವಾಗಿತ್ತು. ಅಮೆರಿಕದ ಲೇಖಕ ಥೋರೋ ಅವರಿಗಿಂತ ಮೊದಲೇ, 1854ರಲ್ಲಿ ಪ್ರಕಟವಾದ 'ವಾಲ್ಡನ್' ಕೃತಿಯಲ್ಲಿ, ತನ್ನ ಮೆಕ್ಕೆಜೋಳದ ಹೊಲದಿಂದ ಕಿತ್ತು ತಂದ ಗೋಳಿಯನ್ನು ಉಪ್ಪು ಹಾಕಿ ಬೇಯಿಸಿ ತೃಪ್ತಿಯಾಗಿ ಉಂಡದ್ದನ್ನು ಹೇಳಿಕೊಂಡಿದ್ದಾನೆ.

ಇಷ್ಟಾದರೂ ತೀರ್ಪು ಗೋಳಿಯ ವಿರುದ್ಧವೇ ಬಂತು. 1977ರಲ್ಲಿ ಹೋಮ್ ಮತ್ತು ಸಂಗಡಿಗರು ಪ್ರಕಟಿಸಿದ 'ಜಗತ್ತಿನ ಅತಿ ಕೆಟ್ಟ ಕಳೆಗಳು' ಎಂಬ ಗ್ರಂಥದಲ್ಲಿ ಮೊದಲ 18 ಮಹಾ ಕಳೆಗಳ ಪಟ್ಟಿಯಿದೆ. ಅದರಲ್ಲಿ ಎಂಟನೆಯದು ಕೆರೆಗಳನ್ನು ನುಂಗುವ ಅಂತರಗಂಗೆ ಜಾತಿಯ ನೇರಳೆ ಹೂವಿನ ಜಲಕಳೆ. ಒಂಬತ್ತನೆಯದು ಗೋಳಿ. ಹತ್ತನೆಯದು ಚಕ್ಕೋತ ಸೊಪ್ಪು, ಉತ್ತರದವರ ಬಥುವಾ. ಜಗತ್ತಿನ ಒಂಬತ್ತನೆಯ ಮತ್ತು ಹತ್ತನೆಯ ವೈರಿಗಳೆರಡೂ ನಮ್ಮ ಅಡುಗೆಮನೆಯವೇ!

ಹಕ್ಕರಕಿ ಹಿಡಿದ ಎದುರು ದಾರಿ

ಕಸವಾದದ್ದು ಮತ್ತೆ ಪಲ್ಲೆಯಾಗಲಾರದೆ? ಆಗಬಲ್ಲದು ಎನ್ನುವುದಕ್ಕೆ ಇದೇ ಸೀಮೆಯ ಹಕ್ಕರಕಿ ಉದಾಹರಣೆ. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ, ಲೆಟ್ಯೂಸಿನ ಹತ್ತಿರದ ಬಂಧುವಾದ ಈ ಸೊಪ್ಪೂ ಮೂಲತಃ ಹೊಲದ ಕಳೆಯೇ. ಎಲೆ ಮುರಿದರೆ ಹಾಲು ಬರುತ್ತದೆ, ನಾಲಗೆಗೆ ತುಸು ಕಹಿ. ಇದನ್ನು ಬೇಯಿಸುವ ಗೊಡವೆಯಿಲ್ಲ. ತೊಳೆದು, ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆ, ಉಳ್ಳಾಗಡ್ಡಿಯ ಜೊತೆ ಹಸಿಯಾಗಿಯೇ ತಿನ್ನುತ್ತಾರೆ. ಖಾನಾವಳಿಗಳ ತಟ್ಟೆಗೆ ಅದು ಬಂದದ್ದೇ ಬೇಡಿಕೆ ಹೆಚ್ಚಿತು. ಬೇಡಿಕೆ ಹೆಚ್ಚಿದ್ದೇ ಮಡಿ ಮಾಡಿ ಬೀಜ ಹಾಕಿ ಬೆಳೆಯುವವರು ಹುಟ್ಟಿಕೊಂಡರು. ಈಗ ಅದರ ಬೀಜ ಮಾರಾಟಕ್ಕೂ ಸಿಗುತ್ತದೆ. ಮೆಂತೆ, ರಾಜಗಿರಿ, ಕಿರಕಸಾಲಿ, ಪುಂಡಿಪಲ್ಲೆಗಳ ಸಿವುಡುಗಳ ಪಕ್ಕದಲ್ಲಿ ಹಕ್ಕರಕಿಯ ಸಿವುಡೂ ಸಂತೆಯಲ್ಲಿ ಕುಳಿತಿದೆ.

ರಷ್ಯದ ಸಸ್ಯವಿಜ್ಞಾನಿ ವಾವಿಲೋವ್ 20ನೆಯ ಶತಮಾನದ ಆರಂಭದಲ್ಲೇ ಇಂಥ ಪಯಣವನ್ನು ಗುರುತಿಸಿದ್ದ. ಗೋಧಿಯ ಹೊಲದಲ್ಲಿ ಕಳೆಯಾಗಿ ಬಂದ ರೈ ಮತ್ತು ಓಟ್ಸ್ ಕಾಲಕ್ರಮದಲ್ಲಿ ತಾವೇ ಬೆಳೆಗಳಾದವು ಎಂದು ಆತ ತೋರಿಸಿದ. ಕಳೆ ಮತ್ತು ಬೆಳೆ ಎಂಬವು ಎರಡು ಜಾತಿಗಳಲ್ಲ, ಎರಡು ಹುದ್ದೆಗಳು. ಹಕ್ಕರಕಿಗೆ ಬಡ್ತಿ ಸಿಕ್ಕಿದೆ, ಗೋಳಿಗೆ ಹಿಂಬಡ್ತಿಯಾಗಿದೆ.

ಮುಂಜಾನೆಯ ಹುಳಿ

ಹಿಂಬಡ್ತಿಯಾದ ಗೋಳಿಯ ಕಡೆ ವಿಜ್ಞಾನಿಗಳ ಗಮನ ಇತ್ತೀಚಿನ ದಶಕಗಳಲ್ಲಿ ಹರಿದಿರುವುದು ಕುತೂಹಲಕರ. ನಸುಕಿನಲ್ಲಿ ಕಿತ್ತ ಗೋಳಿ ಹುಳಿ ಹೆಚ್ಚು, ಸಂಜೆ ಕಿತ್ತದ್ದು ಸಪ್ಪೆ. ಇದು ನಾಲಗೆಯ ಭ್ರಮೆಯಲ್ಲ. ನೀರಿನ ಕೊರತೆಯಾದಾಗ ಗೋಳಿ ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ನೀರು ಉಳಿಸುತ್ತದೆ. ರಾತ್ರಿ ತಂಪಿನಲ್ಲಿ ರಂಧ್ರ ತೆರೆದು ಇಂಗಾಲಾಮ್ಲವನ್ನು ಒಳಗೆಳೆದು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಡುತ್ತದೆ. ಸೇಬಿಗೆ ಹುಳಿ ಕೊಡುವ ಆಮ್ಲವೇ ಇದು. ಹಗಲು ಬಿಸಿಲಿನಲ್ಲಿ ಅದನ್ನು ಖರ್ಚು ಮಾಡಿ ಆಹಾರ ತಯಾರಿಸುತ್ತದೆ. ನೀರು ಸಾಕಷ್ಟಿದ್ದಾಗ ಜೋಳ, ಮೆಕ್ಕೆಜೋಳಗಳಂತೆ ಬಿಸಿಲನ್ನು ಬಳಸಿ ಬೇಗ ಬೆಳೆಯುವ ಇನ್ನೊಂದು ವಿಧಾನವೂ ಅದಕ್ಕೆ ಗೊತ್ತು. ಈ ಎರಡೂ ವಿಧಾನಗಳು ಗೋಳಿಯಲ್ಲಿ ಒಂದೇ ಜೀವಕೋಶಗಳೊಳಗೆ ಹೆಣೆದುಕೊಂಡು ನಡೆಯುತ್ತವೆ ಎಂಬುದನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದರು. ಬರ ತಾಳುವ ಬೆಳೆಗಳನ್ನು ರೂಪಿಸಲು ಈ ಜ್ಞಾನ ನೆರವಾದೀತೆಂಬುದು ಅವರ ಆಶಯ.

ಪೋಷಕಾಂಶದ ಮಾತಿಗೆ ಬಂದರೆ, ಮೀನಿನಿಂದ ಹೆಸರಾದ ಒಮೆಗಾ–3 ಕೊಬ್ಬಿನಾಮ್ಲದ ಸಸ್ಯರೂಪ ಗೋಳಿಯಲ್ಲಿ ಇತರ ಹಸಿರು ಸೊಪ್ಪುಗಳಿಗಿಂತ ಹೆಚ್ಚು. 100 ಗ್ರಾಂ ಹಸಿ ಎಲೆಯಲ್ಲಿ ಸುಮಾರು 300ರಿಂದ 400 ಮಿಲಿಗ್ರಾಂ. 1986ರಲ್ಲಿ ಆರ್ಟೆಮಿಸ್ ಸಿಮೊಪೌಲೋಸ್ ಮತ್ತು ಸಂಗಡಿಗರು ಇದನ್ನು ವೈದ್ಯಕೀಯ ಜಗತ್ತಿನ ಗಮನಕ್ಕೆ ತಂದರು. ಅಗಸಿ ಹಿಂಡಿ ತಿನ್ನುವ ನಮ್ಮ ಜನಕ್ಕೆ ಈ ಸತ್ವದ ಕೊರತೆ ಅಷ್ಟಾಗಿ ಇಲ್ಲದಿರಬಹುದು. ಆದರೂ ಪುಕ್ಕಟೆ ಸಿಗುವ ಸೊಪ್ಪಿಗೆ ಇದು ಸಣ್ಣ ಗುಣವಲ್ಲ.

ಒಂದು ಎಚ್ಚರಿಕೆಯೂ ಅಗತ್ಯ. ಗೋಳಿಯಲ್ಲಿ ಆಕ್ಸಲೇಟ್ ಅಂಶ ಬಹಳ. ಮೂತ್ರಪಿಂಡದ ಹರಳಿನ ತೊಂದರೆ ಇರುವವರು ಇದರಿಂದ ದೂರವಿರುವುದೇ ಒಳಿತು. ಉಳಿದವರಿಗೂ ಮೊಸರು ಮಜ್ಜಿಗೆಯ ಜೊತೆ ಮಾಡಿದ ಅಡುಗೆ ಹಿತಕರ. ಮೊಸರಿನ ಸುಣ್ಣದ ಅಂಶ ಆಕ್ಸಲೇಟನ್ನು ಹಿಡಿದು, ಅದು ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ ಎಂದು ನ್ಯೂಜಿಲೆಂಡಿನಲ್ಲಿ ಗೋಳಿಯ ಮೇಲೆಯೇ ನಡೆದ ಪರೀಕ್ಷೆಗಳು ಸೂಚಿಸಿವೆ. ಗೋಳಿಯನ್ನು ಮಜ್ಜಿಗೆಹುಳಿಗೆ ಹಾಕುವ ನಮ್ಮ ಅಡುಗೆಗೆ ಪ್ರಯೋಗಶಾಲೆಯ ಒಪ್ಪಿಗೆ ತಡವಾಗಿ ಸಿಕ್ಕಿತೆನ್ನಬೇಕು. ಗೋಳಿಯನ್ನೇ ಹೋಲುವಂತೆ ನೆಲಕ್ಕೆ ಹರಡುವ ಹಾಲುಗಿಡಗಳೂ ಇವೆ. ಗೋಳಿಯ ದಂಟು ಮುರಿದರೆ ಬಿಳಿ ಹಾಲು ಬರುವುದಿಲ್ಲ ಎಂಬುದು ಗುರುತು.

ಕಸವೇ ಇಲ್ಲದ ಹೊಲ

ಈಗ ಗೋಳಿಗೆ ಬಂದಿರುವ ಕಷ್ಟ ಹಿಂದಿನ ಯಾವುದಕ್ಕಿಂತಲೂ ಭಿನ್ನ. ಹೆಸರು, ಜೋಳ, ಕಡಲೆ, ಕುಸುಬಿಗಳ ಈ ನಾಡಿನಲ್ಲಿ ಮೆಕ್ಕೆಜೋಳ ಹರಡಿತು. 2002ರಲ್ಲಿ ದೇಶದಲ್ಲಿ ಅನುಮತಿ ಪಡೆದ ಬಿ.ಟಿ. ಹತ್ತಿ ಇಲ್ಲಿಗೂ ಬಂತು. ಸಿಂಗಟಾಲೂರು ಏತ ನೀರಾವರಿಯಿಂದ ಮುಂಡರಗಿ ಭಾಗದ ಹೊಲಗಳಿಗೆ ನೀರು ಹರಿಯತೊಡಗಿತು. ಸಾಲುಗಳ ನಡುವೆ ಪುಂಡಿ, ಗುರೆಳ್ಳು, ಎಳ್ಳುಗಳ ಅಕ್ಕಡಿ ಹಾಕುವ ಕ್ರಮ ತೆಳುವಾಯಿತು. ಮೆಕ್ಕೆಜೋಳ ಬಿತ್ತಿದ ಬೆನ್ನಿಗೇ ಅಟ್ರಾಜಿನ್‌ನಂಥ ಕಳೆನಾಶಕ ಸಿಂಪಡಿಸಿದರೆ ಗೋಳಿ ಮೊಳೆಯುವ ಮಾತೇ ಇಲ್ಲ. ಥೋರೋ ಗೋಳಿ ಕಿತ್ತುಕೊಂಡದ್ದು ಮೆಕ್ಕೆಜೋಳದ ಹೊಲದಲ್ಲಿ. ಇಂದಿನ ಮೆಕ್ಕೆಜೋಳದ ಹೊಲದಲ್ಲಿ ಆತನಿಗೆ ಊಟ ಸಿಗುತ್ತಿರಲಿಲ್ಲ.

ರೈತನನ್ನು ದೂರುವುದು ನ್ಯಾಯವಲ್ಲ. ಕಸ ತೆಗೆಯುವ ಆಳು ಸಮಯಕ್ಕೆ ಸಿಗುವುದಿಲ್ಲ. ಸಿಕ್ಕರೂ ಕೂಲಿ ಕೊಟ್ಟು ಪೂರೈಸುವುದಿಲ್ಲ. ಒಂದು ಡಬ್ಬಿ ಔಷಧಿ ಎಷ್ಟೋ ಆಳಿನ ಕೆಲಸ ಮುಗಿಸುತ್ತದೆ. ಕಸ ತೆಗೆಯುವ ಕೆಲಸವೇನೂ ಸುಖದ್ದಲ್ಲ. ದಿನವಿಡೀ ಬಿಸಿಲಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಸರಿಯುವ ಸೊಂಟದ ನೋವನ್ನು ಪಲ್ಲೆಯ ಹೆಸರಿನಲ್ಲಿ ವೈಭವೀಕರಿಸಬೇಕಿಲ್ಲ. ಆದರೆ ಲೆಕ್ಕ ಹಾಕುವಾಗ ಒಂದು ಬಾಬು ತಪ್ಪಿಹೋಗುತ್ತಿದೆ. ಕಸ ತೆಗೆಯುವ ಹೆಣ್ಣುಮಗಳಿಗೆ ದಕ್ಕುತ್ತಿದ್ದುದು ಕೂಲಿ ಮಾತ್ರವಲ್ಲ, ಉಡಿಯ ಪಲ್ಲೆಯೂ ಹೌದು. ಯಾರ ಹೊಲವಾದರೂ ಸರಿ, ಕಸದೊಳಗಿನ ಪಲ್ಲೆ ಕಿತ್ತವಳದು ಎಂಬುದು ಬರೆಯದ ಒಪ್ಪಂದ. ಕಳೆನಾಶಕ ಬಂದಾಗ ಕೂಲಿ ಹೋದದ್ದು ಎಲ್ಲರಿಗೂ ಕಂಡಿತು. ಪಲ್ಲೆ ಹೋದದ್ದು ಯಾವ ಲೆಕ್ಕಕ್ಕೂ ಸಿಗಲಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇಕಡ 44.8 ಇತ್ತು. ಗೋಳಿ ತಿಂದರೆ ರಕ್ತಹೀನತೆ ಹೋಗುತ್ತದೆ ಎಂದು ಹೇಳಿದರೆ ಅತಿಶಯೋಕ್ತಿಯಾದೀತು. ಆದರೆ ತಟ್ಟೆಯಲ್ಲಿನ ಸೊಪ್ಪಿನ ಬಗೆಗಳು ಕಡಿಮೆಯಾಗುವುದು, ಕಾಸು ಕೊಟ್ಟರೆ ಮಾತ್ರ ಸೊಪ್ಪು ಎಂಬ ಸ್ಥಿತಿ ಬರುವುದು ಇಂಥ ಹೊತ್ತಿನಲ್ಲಿ ಒಳ್ಳೆಯ ಸುದ್ದಿಯಂತೂ ಅಲ್ಲ.

ಅಭಯಾರಣ್ಯದಿಂದಾಗದ ಕೆಲಸ

ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಿಗೆ ಹಬ್ಬಿರುವ ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಪ್ರಸಿದ್ಧ. ಗಣಿಗಾರಿಕೆಯ ಭೀತಿಯ ನಡುವೆ 2015ರಲ್ಲಿ ಅದಕ್ಕೆ ಸಂರಕ್ಷಿತ ಪ್ರದೇಶದ ಸ್ಥಾನ ಸಿಕ್ಕಿತು. ಮರುವರ್ಷ ಅದನ್ನು ಹಿಂತೆಗೆದುಕೊಂಡಾಗ ಜನ ಹೋರಾಟಕ್ಕಿಳಿದರು. 2017ರಲ್ಲಿ ಆ ಸ್ಥಾನ ಮರಳಿತು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಗುಡ್ಡದ ಗಿಡಗಳಿಗೆ ಹೀಗೆ ಕಾನೂನಿನ ಬೇಲಿ ಹಾಕಲು ಸಾಧ್ಯವಾಯಿತು.

ಗೋಳಿಗೆ ಇಂಥ ಬೇಲಿ ಉಪಯೋಗವಿಲ್ಲ. ಮನುಷ್ಯ ಕಾಲಿಡದ ಕಡೆ ಅದು ಹುಲ್ಲು ಪೊದೆಗಳ ನೆರಳಿನಲ್ಲಿ ಸೋತು ಹೋಗುತ್ತದೆ. ಕುಂಟೆ ಹೊಡೆದ, ಕುರ್ಚಿಗಿ ಆಡಿದ, ಬಿಸಿಲು ಬಿದ್ದ ಮಣ್ಣೇ ಅದರ ಅಭಯಾರಣ್ಯ. ಉಳುವವರ ಜೊತೆಗೇ ಬದುಕಲು ಕಲಿತ ಗಿಡವನ್ನು ಉಳುವವರೇ ಉಳಿಸಬೇಕು. ಗಿಡದ ಬೀಜವಾದರೂ ನೆಲದಲ್ಲಿ ದಶಕಗಳ ಕಾಲ ಕಾದೀತು. ಅದನ್ನು ಗುರುತಿಸುವ ಕಣ್ಣು ಕಾಯುವುದಿಲ್ಲ. ಇಂದು ಕಸ ತೆಗೆಯುವ ಹಿರಿಯ ಹೆಣ್ಣುಮಕ್ಕಳ ನಂತರ, ಇದು ತಿನ್ನುವಂಥದ್ದು ಎಂದು ಬೆರಳು ಮಾಡಿ ತೋರಿಸುವವರು ಇಲ್ಲದೆ ಹೋದರೆ, ಎರಡು ಲಕ್ಷ ಬೀಜವಿದ್ದೂ ಗೋಳಿ ಪಲ್ಲೆಯಾಗಿ ಉಳಿಯುವುದಿಲ್ಲ.

ಸುಲಭವಾದ ದಾರಿಯೆಂದರೆ ಅದನ್ನು ಮತ್ತೆ ಬಿತ್ತುವುದು. ಹಿತ್ತಲಿನಲ್ಲಿ ಒಂದು ಮಾರು ಅಗಲದ ಮಡಿ ಸಾಕು. ಕಪ್ಪು ಬೀಜ ಸಾಸಿವೆಗಿಂತಲೂ ಸಣ್ಣದಾದ್ದರಿಂದ ಮರಳಿನಲ್ಲಿ ಬೆರೆಸಿ ಉದುರಿಸಬೇಕು. ಬೀಜ ಮೊಳೆಯಲು ಬೆಳಕು ಬೇಕಾದ್ದರಿಂದ ಮೇಲೆ ಮಣ್ಣು ಮುಚ್ಚಬಾರದು, ಕೈಯಿಂದ ಒತ್ತಿದರಾಯಿತು. ಐದಾರು ವಾರದಲ್ಲಿ ತುದಿ ಚಿವುಟಬಹುದು. ಬುಡ ಬಿಟ್ಟು ಚಿವುಟಿದರೆ ಮತ್ತೆ ಚಿಗುರುತ್ತದೆ. ಹೂ ಬಿಟ್ಟ ಮೇಲೆ ಸೊಪ್ಪು ಗಡುಸಾಗುವುದರಿಂದ ಅದಕ್ಕೆ ಮೊದಲೇ ಕಿತ್ತುಕೊಳ್ಳಬೇಕು. ಔಷಧಿ ಹೊಡೆದ ಹೊಲದ, ರಸ್ತೆ ಬದಿಯ ಗೋಳಿಯನ್ನು ಮಾತ್ರ ಅಡುಗೆಗೆ ತರಬಾರದು.

ಹಕ್ಕರಕಿಗೆ ಮಡಿಯಲ್ಲಿ ಜಾಗ ಕೊಡಲು ಯಾವ ಯೋಜನೆಯೂ ಬೇಕಾಗಲಿಲ್ಲ, ಸಂತೆಯಲ್ಲಿ ಕೇಳಿ ಕೊಳ್ಳುವವರಿದ್ದರು. ಗೋಳಿಗೂ ಬೇಕಾದದ್ದು ಅಷ್ಟೇ. ಸಂತೆಯಲ್ಲಿ ಬುಟ್ಟಿಯ ಮುಂದೆ ಕೂತು 'ಯವ್ವಾ, ಗೋಳಿ ಪಲ್ಲೆ ಐತೇನ?' ಎಂದು ನಾಲ್ಕು ಮಂದಿ ಕೇಳಿದರೆ, ಮುಂದಿನ ವಾರ ಮೆಂತೆಯ ಪಕ್ಕದಲ್ಲಿ ಅದರ ನಾಲ್ಕು ಸಿವುಡು ಬಂದಾವು.